ಅನುಕ್ರಮದಿಂದ ಪೆಪ್ಟೈಡ್‌ನ ಸಮವಿದ್ಯುತ್ ಬಿಂದುವನ್ನು ಲೆಕ್ಕಹಾಕುವ ಬಗೆ

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಕಿರು ಸರಪಳಿ, ಆ ಆಮ್ಲಗಳು ಜೋಡಿಸಿಕೊಂಡಿರುವ ಕ್ರಮವೇ ಅದರ ಅನುಕ್ರಮ. ಪೆಪ್ಟೈಡ್ ಒಂದರ ಮೇಲಿರುವ ಧನ ಆವೇಶಗಳ ಮೊತ್ತವೂ ಋಣ ಆವೇಶಗಳ ಮೊತ್ತವೂ ಸರಿಸಮವಾಗಿ, ನಿವ್ವಳ ಆವೇಶ ಸೊನ್ನೆಯಾಗುವ ಪಿಎಚ್ ಮೌಲ್ಯವನ್ನು ಅದರ ಸಮವಿದ್ಯುತ್ ಬಿಂದು ಅಥವಾ ಪಿಐ ಎನ್ನುತ್ತೇವೆ. ಆ ಪಿಎಚ್‌ನ ಆಸುಪಾಸಿನಲ್ಲಿ ಅಣುಗಳ ನಡುವಿನ ವಿಕರ್ಷಣೆ ಕುಗ್ಗಿ, ಪೆಪ್ಟೈಡ್ ನೀರಿನಲ್ಲಿ ಕರಗುವ ಪ್ರಮಾಣ ಸಾಮಾನ್ಯವಾಗಿ ತಗ್ಗುವುದರಿಂದ, ಬಫರನ್ನಾಗಲಿ (ಪಿಎಚ್ ಅನ್ನು ಸ್ಥಿರವಾಗಿಡುವ ದ್ರಾವಣ) ಅಯಾನು ವಿನಿಮಯದ ಕಾಲಮ್ಮನ್ನಾಗಲಿ (ಆವೇಶದ ಆಧಾರದ ಮೇಲೆ ಅಣುಗಳನ್ನು ಬೇರ್ಪಡಿಸುವ ಕೊಳವೆ) ಆರಿಸುವ ಮೊದಲು ಈ ಸಂಖ್ಯೆ ಕೈಯಲ್ಲಿರಬೇಕು. ಜಾಲತಾಣದಲ್ಲಿ ಅನುಕ್ರಮವನ್ನು ಅಂಟಿಸಿದರೆ ಉತ್ತರ ಕ್ಷಣದಲ್ಲೇ ಸಿಗುತ್ತದೆ, ನಿಜ. ಆದರೆ ಆ ಉತ್ತರವನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ತಿಳಿಯಲು ಒಮ್ಮೆಯಾದರೂ ಕಾಗದದ ಮೇಲೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಇಪ್ಪತ್ತು ಅಮೈನೋ ಆಮ್ಲಗಳ ಪೈಕಿ ಈ ಲೆಕ್ಕಕ್ಕೆ ಬೇಕಾದವು ಏಳೇ. ಆರ್ಜಿನೀನ್, ಲೈಸೀನ್ ಮತ್ತು ಹಿಸ್ಟಿಡೀನ್ ಪ್ರೋಟಾನ್ ಪಡೆದಾಗ ಧನ ಆವೇಶ ಹೊರುತ್ತವೆ. ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಸಿಸ್ಟೀನ್ ಮತ್ತು ಟೈರೋಸಿನ್ ಪ್ರೋಟಾನ್ ಕಳೆದುಕೊಂಡಾಗ ಋಣ ಆವೇಶ ಹೊರುತ್ತವೆ. ಇವುಗಳ ಜೊತೆಗೆ ಸರಪಳಿಯ ಅಮೈನೋ ತುದಿಯನ್ನೂ ಕಾರ್ಬಾಕ್ಸಿಲ್ ತುದಿಯನ್ನೂ ಸೇರಿಸಿಕೊಳ್ಳಬೇಕು. ಒಂದು ಗುಂಪು ಅರ್ಧದಷ್ಟು ಅಣುಗಳಲ್ಲಿ ಪ್ರೋಟಾನ್ ಕಳೆದುಕೊಂಡಿರುವ ಪಿಎಚ್ ಅನ್ನು ಅದರ ಪಿಕೆಎ ಎನ್ನುತ್ತೇವೆ. ಇಲ್ಲಿ ನಾನು ಎಂಬಾಸ್ ತಂತ್ರಾಂಶದ ಪಿಕೆಎ ಮೌಲ್ಯಗಳನ್ನು ಬಳಸುತ್ತೇನೆ: ಅಮೈನೋ ತುದಿ 8.6, ಕಾರ್ಬಾಕ್ಸಿಲ್ ತುದಿ 3.6, ಆಸ್ಪಾರ್ಟಿಕ್ 3.9, ಗ್ಲುಟಾಮಿಕ್ 4.1, ಹಿಸ್ಟಿಡೀನ್ 6.5, ಸಿಸ್ಟೀನ್ 8.5, ಟೈರೋಸಿನ್ 10.1, ಲೈಸೀನ್ 10.8, ಆರ್ಜಿನೀನ್ 12.5.

ಉದಾಹರಣೆಗೆ ರಕ್ತದೊತ್ತಡವನ್ನು ಏರಿಸುವ ಹಾರ್ಮೋನಾದ ಆಂಜಿಯೊಟೆನ್ಸಿನ್ 2 ಅನ್ನು ತೆಗೆದುಕೊಳ್ಳೋಣ. ಅದರ ಎಂಟು ಘಟಕಗಳು ಕ್ರಮವಾಗಿ ಆಸ್ಪಾರ್ಟಿಕ್ ಆಮ್ಲ, ಆರ್ಜಿನೀನ್, ವ್ಯಾಲೀನ್, ಟೈರೋಸಿನ್, ಐಸೋಲ್ಯೂಸಿನ್, ಹಿಸ್ಟಿಡೀನ್, ಪ್ರೋಲೀನ್ ಮತ್ತು ಫೀನೈಲಲನೀನ್. ಆವೇಶ ಹೊರಬಲ್ಲ ಗುಂಪುಗಳನ್ನು ಪಿಕೆಎಯ ಏರಿಕೆಯ ಕ್ರಮದಲ್ಲಿ ಬರೆದರೆ ಕಾರ್ಬಾಕ್ಸಿಲ್ ತುದಿ 3.6, ಆಸ್ಪಾರ್ಟಿಕ್ 3.9, ಹಿಸ್ಟಿಡೀನ್ 6.5, ಅಮೈನೋ ತುದಿ 8.6, ಟೈರೋಸಿನ್ 10.1, ಆರ್ಜಿನೀನ್ 12.5 ಎಂದಾಗುತ್ತದೆ. ತೀರ ಆಮ್ಲೀಯ ದ್ರಾವಣದಲ್ಲಿ ಎಲ್ಲ ಗುಂಪುಗಳೂ ಪ್ರೋಟಾನ್ ಹೊಂದಿರುವುದರಿಂದ, ಹಿಸ್ಟಿಡೀನ್, ಅಮೈನೋ ತುದಿ ಮತ್ತು ಆರ್ಜಿನೀನ್ ಸೇರಿ ಒಟ್ಟು ಆವೇಶ +3 ಆಗಿರುತ್ತದೆ. ಪಿಎಚ್ ಏರುತ್ತ ಒಂದೊಂದು ಪಿಕೆಎಯನ್ನು ದಾಟಿದಂತೆ ಆವೇಶ ಒಂದೊಂದೇ ಇಳಿಯುತ್ತದೆ: 3.6 ದಾಟಿದಾಗ +2, 3.9 ದಾಟಿದಾಗ +1, 6.5 ದಾಟಿದಾಗ ಸೊನ್ನೆ, 8.6 ದಾಟಿದಾಗ −1. ಸೊನ್ನೆಯ ಎರಡು ಬದಿಗೆ ಇರುವ ಪಿಕೆಎಗಳು 6.5 ಮತ್ತು 8.6, ಅವುಗಳ ಸರಾಸರಿ 7.55. ಮೊದಲ ಅಂದಾಜಿಗೆ ಇಷ್ಟು ಸಾಕು.

ವಾಸ್ತವದಲ್ಲಿ ಯಾವ ಗುಂಪೂ ತನ್ನ ಪಿಕೆಎಯಲ್ಲಿ ಥಟ್ಟನೆ ಪ್ರೋಟಾನ್ ಬಿಟ್ಟುಕೊಡುವುದಿಲ್ಲ. ಅದು ನಿಧಾನವಾಗಿ, ಹೆಂಡರ್ಸನ್-ಹ್ಯಾಸೆಲ್‌ಬಾಕ್ ಸಮೀಕರಣ ಹೇಳುವಂತೆ ನಡೆಯುತ್ತದೆ. ಧನ ಗುಂಪಾದರೆ ಪಿಎಚ್‌ನಿಂದ ಪಿಕೆಎಯನ್ನು ಕಳೆದು, ಆ ವ್ಯತ್ಯಾಸವನ್ನು 10ರ ಘಾತವಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ಆ ಮೊತ್ತದಿಂದ 1ನ್ನು ಭಾಗಿಸಬೇಕು. ಋಣ ಗುಂಪಾದರೆ ಪಿಕೆಎಯಿಂದ ಪಿಎಚ್ ಅನ್ನು ಕಳೆದು ಇದನ್ನೇ ಮಾಡಿ, ಉತ್ತರಕ್ಕೆ ಋಣ ಚಿಹ್ನೆ ಹಾಕಬೇಕು. ಪಿಎಚ್ 7ರಲ್ಲಿ ನಮ್ಮ ಪೆಪ್ಟೈಡ್‌ನ ಅಮೈನೋ ತುದಿಗೆ 0.975, ಆರ್ಜಿನೀನ್‌ಗೆ 1, ಹಿಸ್ಟಿಡೀನ್‌ಗೆ 0.240 ಬರುತ್ತದೆ, ಋಣದ ಕಡೆ ಕಾರ್ಬಾಕ್ಸಿಲ್ ತುದಿ ಮತ್ತು ಆಸ್ಪಾರ್ಟಿಕ್ ಆಮ್ಲ ತಲಾ ಹೆಚ್ಚುಕಡಿಮೆ 1, ಟೈರೋಸಿನ್ ಕೇವಲ 0.001. ನಿವ್ವಳ ಆವೇಶ +0.22. ಅಂದರೆ ನಾವು ಹುಡುಕುವ ಬಿಂದು 7ಕ್ಕಿಂತ ಮೇಲಿದೆ. ಪಿಎಚ್ 8ರಲ್ಲಿ −0.18 ಬರುತ್ತದೆ, ಆದ್ದರಿಂದ ಅದು 8ಕ್ಕಿಂತ ಕೆಳಗಿದೆ. ನಡುವಿನ 7.5ರಲ್ಲಿ +0.015, ಹೀಗೆ ಅಂತರವನ್ನು ಅರ್ಧರ್ಧ ಮಾಡುತ್ತ ಹೋದರೆ 7.54ಕ್ಕೆ ತಲುಪುತ್ತೇವೆ. 0ಯಿಂದ 14ರವರೆಗಿನ ಇಡೀ ವ್ಯಾಪ್ತಿಯಿಂದ ಶುರು ಮಾಡಿದರೂ ಹನ್ನೊಂದು ಸಲ ಅರ್ಧ ಮಾಡಿದರೆ ಅಂತರ 0.01ಕ್ಕಿಂತ ಕಿರಿದಾಗುತ್ತದೆ, ಎಕ್ಸೆಲ್ ಹಾಳೆಯಲ್ಲಿ ಇದು ಕೆಲವೇ ನಿಮಿಷಗಳ ಕೆಲಸ.

ಪಿಕೆಎ ಪಟ್ಟಿ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಪಠ್ಯಪುಸ್ತಕಗಳಲ್ಲಿ ಬಿಡಿ ಅಮೈನೋ ಆಮ್ಲಗಳಿಗೆ ಕೊಟ್ಟಿರುವ ಮೌಲ್ಯಗಳನ್ನು, ಅಂದರೆ ಹಿಸ್ಟಿಡೀನ್‌ಗೆ 6.00, ಆಸ್ಪಾರ್ಟಿಕ್ ಆಮ್ಲದ ಅಮೈನೋ ಗುಂಪಿಗೆ 9.60 ಎಂಬುದನ್ನು ಬಳಸಿದರೆ ಇದೇ ಪೆಪ್ಟೈಡ್‌ಗೆ 7.80 ಬರುತ್ತದೆ. ಬಿಡಿ ಅಮೈನೋ ಆಮ್ಲದಲ್ಲಿ ಅಮೈನೋ ಗುಂಪಿನ ಪಕ್ಕದಲ್ಲೇ ಋಣ ಆವೇಶದ ಕಾರ್ಬಾಕ್ಸಿಲೇಟ್ ಇರುತ್ತದೆ; ಪೆಪ್ಟೈಡ್‌ನಲ್ಲಿ ಆ ಜಾಗದಲ್ಲಿ ಆವೇಶವಿಲ್ಲದ ಪೆಪ್ಟೈಡ್ ಬಂಧ ಇರುವುದರಿಂದ ಪಿಕೆಎ ಒಂದರಷ್ಟು ಇಳಿಯುತ್ತದೆ. ಆದ್ದರಿಂದ ತುದಿಗಳಿಗೆ ಬಿಡಿ ಅಮೈನೋ ಆಮ್ಲದ ಮೌಲ್ಯಗಳನ್ನು ಬಳಸುವುದು ಸರಿಯಲ್ಲ. ಯಾವ ಪಟ್ಟಿಯನ್ನು ಬಳಸಿದ್ದೇವೆ ಎಂಬುದನ್ನು ಉತ್ತರದ ಪಕ್ಕದಲ್ಲೇ ಬರೆದಿಡಬೇಕು; ಎರಡನೆಯ ದಶಮಾಂಶ ಸ್ಥಾನಕ್ಕೆ ಹೆಚ್ಚು ಬೆಲೆ ಕೊಡಬಾರದು.

ಇದಕ್ಕಿಂತ ದೊಡ್ಡ ತಪ್ಪು ಆಗುವುದು ಲೆಕ್ಕಕ್ಕೂ ಮೊದಲು, ಗುಂಪುಗಳ ಪಟ್ಟಿ ಮಾಡುವಾಗ. ಅನುಕ್ರಮದ ಅಕ್ಷರಗಳಲ್ಲಿ ಕಾಣದ ಬದಲಾವಣೆಗಳು ಅಣುವಿನಲ್ಲಿರಬಹುದು, ಮತ್ತು ಆಕ್ಸಿಟೋಸಿನ್ ಇದಕ್ಕೆ ತಕ್ಕ ಉದಾಹರಣೆ. 1953ರಲ್ಲಿ ವಿನ್ಸೆಂಟ್ ದು ವಿನ್ಯೋ ಸಂಶ್ಲೇಷಿಸಿದ ಈ ಒಂಬತ್ತು ಘಟಕಗಳ ಹಾರ್ಮೋನಿನಲ್ಲಿ ಸಿಸ್ಟೀನ್, ಟೈರೋಸಿನ್, ಐಸೋಲ್ಯೂಸಿನ್, ಗ್ಲುಟಮಿನ್, ಆಸ್ಪರಜಿನ್, ಸಿಸ್ಟೀನ್, ಪ್ರೋಲೀನ್, ಲ್ಯೂಸಿನ್, ಗ್ಲೈಸೀನ್ ಎಂಬ ಕ್ರಮವಿದೆ. ಅಕ್ಷರಗಳನ್ನಷ್ಟೇ ನೋಡಿ ಎರಡು ಸಿಸ್ಟೀನ್, ಒಂದು ಟೈರೋಸಿನ್ ಮತ್ತು ಎರಡು ತುದಿಗಳನ್ನು ಲೆಕ್ಕಕ್ಕೆ ಹಿಡಿದರೆ ಸರಾಸರಿಯ ವಿಧಾನ 6.05 ಕೊಡುತ್ತದೆ. ಪೂರ್ಣ ಲೆಕ್ಕ ಸುಮಾರು 5.8 ಕೊಡುತ್ತದೆ, ಏಕೆಂದರೆ 8.5ರ ಹತ್ತಿರ ಮೂರು ಗುಂಪುಗಳು ಒಟ್ಟಿಗಿದ್ದು ಸರಾಸರಿಯ ವಿಧಾನ ಅವುಗಳಲ್ಲಿ ಒಂದನ್ನು ಮಾತ್ರ ಗಮನಿಸುತ್ತದೆ. ಆದರೆ ಎರಡು ಉತ್ತರಗಳೂ ನಿಜವಾದ ಆಕ್ಸಿಟೋಸಿನ್‌ಗೆ ಸೇರಿದವಲ್ಲ. ಅದರ ಎರಡು ಸಿಸ್ಟೀನ್‌ಗಳು ಡೈಸಲ್ಫೈಡ್ ಬಂಧದಲ್ಲಿ ಕೂಡಿಕೊಂಡಿವೆ, ಆದ್ದರಿಂದ ಅವುಗಳಿಗೆ ಬಿಟ್ಟುಕೊಡಲು ಪ್ರೋಟಾನ್ ಇಲ್ಲ. ಕಾರ್ಬಾಕ್ಸಿಲ್ ತುದಿ ಅಮೈಡ್ ಆಗಿದೆ, ಆದ್ದರಿಂದ ಅಲ್ಲಿ ಋಣ ಆವೇಶ ಬರುವುದೇ ಇಲ್ಲ. ಉಳಿಯುವುದು ಅಮೈನೋ ತುದಿಯ 8.6 ಮತ್ತು ಟೈರೋಸಿನ್‌ನ 10.1, ಪಿಐ 9.35.

ಈ ಅಂತರ ಪ್ರಯೋಗಾಲಯದಲ್ಲಿ ನೇರವಾಗಿ ಎದುರಾಗುತ್ತದೆ. ಪಿಎಚ್ 7ರ ಬಫರಿನಲ್ಲಿ ಆಕ್ಸಿಟೋಸಿನ್ +1ಕ್ಕೆ ಹತ್ತಿರದ ಆವೇಶ ಹೊತ್ತು ಧನ ಆವೇಶದ ಅಣುಗಳನ್ನು ಹಿಡಿದಿಡುವ ಕ್ಯಾಟಯಾನು ವಿನಿಮಯದ ಕಾಲಮ್ಮಿಗೆ ಅಂಟಿಕೊಳ್ಳಬೇಕಾದದ್ದು, ತಪ್ಪು ಲೆಕ್ಕದ ಪ್ರಕಾರ ಅಲ್ಲಿ −0.09 ಆವೇಶದೊಂದಿಗೆ ಹಿಡಿತಕ್ಕೆ ಸಿಗದೆ ಹರಿದುಹೋಗುವ ಪೆಪ್ಟೈಡ್‌ನಂತೆ ಕಾಣುತ್ತದೆ.