ಹಳೇ ಮನೆ ಕೊಂಡಿರಾ? ಲಾನ್ ಕೀಳಿಸುವ ಮುಂಚೆ ಒಂದು ಮಳೆ ನೋಡಿ

ಹಳೇ ಮನೆ ಕೊಂಡು ಗೃಹಪ್ರವೇಶ ಮುಗಿಸಿದವರು ಮೊದಲು ಪೇಂಟರನ್ನು ಕರೆಸುತ್ತಾರೆ, ಆಮೇಲೆ ಮಾಲಿಯನ್ನು. ಮಾಲಿ ಒಣಗಿದ ಲಾನ್ ನೋಡಿ, "ಇದೆಲ್ಲ ಕಿತ್ತು ಹೊಸ ಹುಲ್ಲು ಹಾಸೋಣ ಸಾರ್" ಎನ್ನುತ್ತಾನೆ. ಅವನಿಗೆ ಅದು ಸುಲಭ, ನಿಮಗೆ ಖರ್ಚು. ಸ್ವಲ್ಪ ತಡೆಯಿರಿ.

ನಮ್ಮ ಬೆಂಗಳೂರು, ಮೈಸೂರು ಕಡೆ ಇಂಥ ಜಾಗದಲ್ಲಿ ಗರಿಕೆ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಅದು ಮೇಲೆ ಒಣಗಿದರೂ ಒಳಗೆ ಅಷ್ಟು ಬೇಗ ಸಾಯುವುದಿಲ್ಲ. ಒಂದು ಹಿಡಿಯನ್ನು ಬೇರು ಸಮೇತ ಎತ್ತಿ, ಮಣ್ಣಿನೊಳಗಿನ ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಬೆಳ್ಳಗೆ, ಹಸಿಯಾಗಿದ್ದರೆ ಜೀವ ಇದೆ. ಲಟಕ್ಕನೆ ಮುರಿದು ಕಂದು ಪುಡಿ ಉದುರಿದರೆ ಆ ಜಾಗ ಹೋಯಿತು ಅಂತ ಲೆಕ್ಕ. ನಾಲ್ಕಾರು ಕಡೆ ಹೀಗೆ ನೋಡಿದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ.

ಮೊದಲ ಕೆಲಸ ಕಳೆ. ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುಂಚೆಯೇ ಬೇರು ಸಮೇತ ಕೀಳಬೇಕು. ಗ್ಲೌಸ್ ಹಾಕಿಕೊಳ್ಳಿ, ತುಂಬು ತೋಳಿನ ಅಂಗಿ ತೊಡಿ. ಮೈಗೆ ತಾಗಿದರೆ ಕೆಲವರಿಗೆ ತುರಿಕೆ ಎದ್ದು ತಿಂಗಳುಗಟ್ಟಲೆ ಕಾಡುತ್ತದೆ. ಆದರೆ ನಿಜವಾದ ತಲೆನೋವು ಕೊನ್ನಾರಿ ಗಡ್ಡೆ. ಮೇಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿದು ವಾರದಲ್ಲಿ ಮತ್ತೆ ಚಿಗುರುತ್ತದೆ. ಮಣ್ಣು ನೆನೆದಿರುವಾಗ ಸಣ್ಣ ಗುದ್ದಲಿಯಿಂದ ಆಳಕ್ಕೆ ಎಬ್ಬಿಸಿ, ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿರುವ ಕರಿ ಗಡ್ಡೆಗಳನ್ನು ಹುಡುಕಿ ತೆಗೆಯಿರಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ ಇದು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅಲ್ಲೇ ಸಂಸಾರ ಹೂಡುತ್ತದೆ.

ಆಮೇಲೆ ಮಣ್ಣು. ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಇಳಿಯದಿದ್ದರೆ ಒಂದೋ ನೆಲ ತುಳಿದು ತುಳಿದು ಗಟ್ಟಿಯಾಗಿದೆ, ಇಲ್ಲವೇ ಮನೆ ಕಟ್ಟಿದವರು ಜಲ್ಲಿ, ಸಿಮೆಂಟ್ ಚೂರು ಅಲ್ಲೇ ಮುಚ್ಚಿದ್ದಾರೆ. ಕಲ್ಲು ಸಿಕ್ಕಿದರೆ ತೆಗೆಯಿರಿ. ಬರೀ ಗಟ್ಟಿ ನೆಲವಾದರೆ ನೀರು ಹಾಕಿ ಮೆತ್ತಗೆ ಮಾಡಿ, ಕಬ್ಬಿಣದ ಫೋರ್ಕ್‌ನಿಂದ ನಾಲ್ಕು ಇಂಚು ಆಳಕ್ಕೆ ಒತ್ತೊತ್ತಾಗಿ ಚುಚ್ಚಿದರೆ ಸಾಕು. ಮೇಲೆ ಕೆಮ್ಮಣ್ಣು, ಮರಳು, ಜರಡಿ ಹಿಡಿದ ಹಳೇ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಅರ್ಧ ಇಂಚು ಹರಡಿ. ಹುಲ್ಲಿನ ತುದಿ ಕಾಣುತ್ತಿರಬೇಕು. ಹಸಿ ಸಗಣಿ ಬೇಡವೇ ಬೇಡ. ಅದರ ಜೊತೆ ಹೊಸ ಕಳೆ ಬೀಜ ಬರುತ್ತದೆ.

ಇದಕ್ಕೆಲ್ಲ ಜೂನ್ ಒಳ್ಳೆಯ ಕಾಲ. ಬೋಳು ಬಿದ್ದ ಕಡೆಗೆ ಹುಲ್ಲು ಕೊಳ್ಳಬೇಕಾಗಿಲ್ಲ. ಕಾಲುದಾರಿಯ ಅಂಚಿಗೆ ಹಬ್ಬಿದ ಗರಿಕೆಯನ್ನೇ ಎರಡು ಮೂರು ಗೆಣ್ಣು ಇರುವಂತೆ ಕತ್ತರಿಸಿ, ಮೂರು ನಾಲ್ಕು ಇಂಚಿಗೆ ಒಂದರಂತೆ ನೆಟ್ಟು ಕಾಲಿನಿಂದ ಒತ್ತಿ. ಮಳೆ ಹಿಡಿದರೆ ತಾನೇ ಹಬ್ಬುತ್ತದೆ. ಗಣೇಶನ ಹಬ್ಬಕ್ಕೆ ಗರಿಕೆ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋಗುವುದೂ ತಪ್ಪುತ್ತದೆ ಅಲ್ವಾ?

ಎದೆಯೆತ್ತರ ಬೆಳೆದ ಹುಲ್ಲನ್ನು ಒಂದೇ ದಿನ ನುಣ್ಣಗೆ ಬೋಳಿಸಬೇಡಿ. ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ ತೆಗೆದು, ವಾರ ಬಿಟ್ಟು ಮತ್ತೆ ಇಳಿಸಿ. ಕೊನೆಗೆ ಒಂದೂವರೆ ಇಂಚು ಇರಲಿ. ಬೇರೂರಿದ ಮೇಲೆ ದಿನಾ ಸುಮ್ನೆ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಬೆಳಿಗ್ಗೆ ಚೆನ್ನಾಗಿ ನೆನೆಸಿ, ಬೇರು ಆಳಕ್ಕೆ ಇಳಿಯುತ್ತದೆ. ನೀರು ಯಾವುದು ಅನ್ನುವುದನ್ನೂ ಯೋಚಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಅಕ್ಕಿ, ತರಕಾರಿ ತೊಳೆದ ನೀರು, ತಾರಸಿಯ ಮಳೆ ನೀರು ಹುಲ್ಲಿಗೆ ಧಾರಾಳ ಸಾಕು.

ಇನ್ನು ಮಾವಿನ ಮರದ ಅಡಿ. ಅಲ್ಲಿ ಗರಿಕೆ ಬರುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಎಷ್ಟು ಗೊಬ್ಬರ ಸುರಿದರೂ ದುಡ್ಡು ದಂಡ. ಎರಡು ಚಪ್ಪಡಿ ಕಲ್ಲು ಹಾಸಿ ಬಿಟ್ಟುಬಿಡಿ.