ಕಷ್ಟ ಕಂಡವರು ಮುಂದಾಳಾದಾಗ: ನೋವನ್ನು ನಿಯಮವಾಗಿಸುವ ಬಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿತು. 2019ರಲ್ಲಿ ವಿರಾಜಪೇಟೆ ಬಳಿಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮನೆ, ತೋಟ, ಬಂಧುಗಳನ್ನು ಕಳೆದುಕೊಂಡವರು ಮುಂದೆ ಸ್ವಸಹಾಯ ಸಂಘಕ್ಕೋ ಪಂಚಾಯಿತಿಗೋ ಬೆಳೆಗಾರರ ಕೂಟಕ್ಕೋ ಮುಂದಾಳಾಗಿ ನಿಂತರೆ ಜನ ಸಹಜವಾಗಿ ನಂಬುತ್ತಾರೆ: ‘ಅವರಿಗೆ ಕಷ್ಟ ಗೊತ್ತು.’

ಆ ನಂಬಿಕೆ ಅರ್ಧ ಮಾತ್ರ ನಿಜ. ಕಷ್ಟ ದಾಟಿ ಬಂದವರೇ ಅದೇ ಕಷ್ಟದಲ್ಲಿ ಸೋಲುತ್ತಿರುವವರನ್ನು ಹೆಚ್ಚು ಕಠಿಣವಾಗಿ ಅಳೆಯುತ್ತಾರೆ ಎಂದು 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೊರೆಯುವ ಚಳಿಯ ಸರೋವರಕ್ಕೆ ಆಗಲೇ ಧುಮುಕಿ ಬಂದವರು, ಹೆದರಿ ಹಿಂದೆ ಸರಿದವನ ಬಗ್ಗೆ ಇನ್ನೂ ಧುಮುಕದವರಿಗಿಂತ ಕಡಿಮೆ ಕನಿಕರ ತೋರಿದರು. ಕಾರಣ ಸರಳ. ‘ದಾಟಿದೆ’ ಎಂಬುದು ನೆನಪಿರುತ್ತದೆ, ದಾಟುವಾಗ ಎಷ್ಟು ನೋವಾಗಿತ್ತು ಎಂಬುದು ಮಾಸಿರುತ್ತದೆ. ‘ನಾವು ಏನೆಲ್ಲ ಅನುಭವಿಸಿಲ್ಲ, ಇದೇನು ಮಹಾ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದ್ದರಿಂದ ಕಷ್ಟ ತಾನಾಗಿ ಯಾರನ್ನೂ ಒಳ್ಳೆಯ ಮುಂದಾಳು ಮಾಡುವುದಿಲ್ಲ. ಅದರ ಮೇಲೆ ಕೂತು ಕೆಲಸ ಮಾಡಬೇಕು.

ಮೊದಲು, ಒಣಗಿದೆಯೇ ನೋಡಿ

ಕಣದಲ್ಲಿ ಹರಡಿದ ಕಾಫಿ ಹಣ್ಣು ಒಳಗೆ ಒಣಗದೆ ಮೂಟೆ ಸೇರಿದರೆ ಬೂಷ್ಟು ಹಿಡಿಯುತ್ತದೆ. ನೋವಿನ ಕಥೆಯೂ ಹಾಗೆಯೇ. ಸಭೆಯಲ್ಲಿ ಹೇಳುವ ಮೊದಲು ಮೂರು ವಿಷಯ ಪರೀಕ್ಷಿಸಿ. ಎರಡು ನಿಮಿಷದಲ್ಲಿ ಹೇಳಿ ಮುಗಿಸಬಲ್ಲಿರಾ? ಯಾರನ್ನೂ ಬಯ್ಯದೆ ಹೇಳಬಲ್ಲಿರಾ? ‘ನೀವು ಮೊದಲೇ ಮನೆ ಬಿಡಬಹುದಿತ್ತಲ್ಲ’ ಎಂದು ಯಾರಾದರೂ ಕೇಳಿದರೆ ಸಿಟ್ಟಿಲ್ಲದೆ ಉತ್ತರಿಸಬಲ್ಲಿರಾ? ಒಂದಕ್ಕೆ ‘ಇಲ್ಲ’ ಬಂದರೂ ಸಾರ್ವಜನಿಕವಾಗಿ ಹೇಳುವುದನ್ನು ಮುಂದೂಡಿ. ಬರೆಯುವುದನ್ನು ಮಾತ್ರ ಶುರು ಮಾಡಬಹುದು.

ಬರೆಯುವ ಕ್ರಮ ಹೀಗೆ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಒಂದೇ ಘಟನೆಯ ಬಗ್ಗೆ. ಏನಾಯಿತು ಎನ್ನುವುದರ ಜೊತೆಗೆ ಆಗ ಏನನ್ನಿಸಿತು ಎಂಬುದೂ ಬರಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪರೀಕ್ಷಿಸಿದ ಪದ್ಧತಿ ಇದು. ಕಾಗುಣಿತ ನೋಡಬೇಡಿ, ಕೊಡವ ತಕ್ಕೋ ಅರೆಭಾಷೆಯೋ ಕನ್ನಡವೋ, ಬಾಯಿಗೆ ಬಂದ ಭಾಷೆಯಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ಆಮೇಲೆ ಹರಿದು ಹಾಕಬಹುದು. ಬರೆದ ತಕ್ಷಣ ಮನಸ್ಸು ಭಾರವಾಗುವುದು ಸಾಮಾನ್ಯ, ಅದಕ್ಕೇ ಮಲಗುವ ಮುಂಚೆ ಬರೆಯಬೇಡಿ. ಬರೆಯುತ್ತ ತಡೆಯಲಾಗದಷ್ಟು ಆದರೆ ನಿಲ್ಲಿಸಿ, ಬೇರೆ ವಿಷಯಕ್ಕೆ ಹೋಗಿ. ಸೆಪ್ಟೆಂಬರ್‌ನ ಕೊಡವ ಹಬ್ಬ ಕೈಲ್‌ಪೊಳ್ದ್ ಮುಗಿದು ಕಾಫಿ ಕೊಯ್ಲು ಶುರುವಾಗುವವರೆಗಿನ ವಾರಗಳು ಇದಕ್ಕೆ ಒಳ್ಳೆಯ ಸಮಯ. ಮಳೆಯ ಸದ್ದು ತಗ್ಗಿರುತ್ತದೆ, ಕೈಗೆ ಬಿಡುವೂ ಇರುತ್ತದೆ.

ನೋವಿನಿಂದ ನಿಯಮಕ್ಕೆ

ಹೆಚ್ಚಿನವರು ಎಡವುವುದು ಇಲ್ಲಿ. ‘ಕಷ್ಟದಿಂದ ಕರುಣೆ ಕಲಿತೆ’ ಎನ್ನುತ್ತಾರೆ. ಕರುಣೆ ಒಳ್ಳೆಯದೇ, ಆದರೆ ನಡಾವಳಿ ಪುಸ್ತಕದಲ್ಲಿ ಬರೆಯಲಾಗದ ಕರುಣೆಯಿಂದ ಸಂಘ ನಡೆಯುವುದಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಏನಾಯಿತು, ಆಗ ಏನು ಇರಲಿಲ್ಲ, ಯಾರು ಏನು ಮಾಡಿದ್ದರಿಂದ ಉಳಿದೆವು, ಅದು ಮುಂದಿನವರಿಗೆ ಕೇಳದೆಯೇ ಸಿಗಬೇಕಾದರೆ ನಮ್ಮಲ್ಲಿ ಏನು ಬದಲಾಗಬೇಕು. ನಾಲ್ಕನೆಯ ಸಾಲೇ ನಿಯಮ.

ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳ, ಹೆಂಗಸರ 12 ಜನರ ಸ್ವಸಹಾಯ ಸಂಘ ಒಂದಿದೆ ಎಂದುಕೊಳ್ಳಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ತೋಟದ ಕೆಲಸ ನಿಂತು ಕೂಲಿ ಇಲ್ಲ. ಕಂತು ತಪ್ಪಿದ್ದಕ್ಕೆ ಹಿಂದೆ ತುಂಬಿದ ಸಭೆಯಲ್ಲಿ ತಲೆತಗ್ಗಿಸಿದವಳು ಈಗ ಅಧ್ಯಕ್ಷೆ. ಅವಳ ಮೊದಲ ಮನಸ್ಸು ‘ಪಾಪ, ಬಿಡಿ’ ಎನ್ನುವುದು. ಗುಟ್ಟಾಗಿ ಒಬ್ಬಳಿಗೆ ಬಿಟ್ಟರೆ ಮುಂದಿನ ವಾರ ಮೂವರು ಕಟ್ಟುವುದಿಲ್ಲ. ಬ್ಯಾಂಕ್ ಸಾಲ ಕೊಡುವಾಗ ನೋಡುವುದೇ ಐದು ಸೂತ್ರ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಸರಿಯಾದ ಲೆಕ್ಕ. ಅವುಗಳಲ್ಲಿ ಒಂದು ಮುರಿದಂತಾಯಿತು.

ಅದೇ ನೋವನ್ನು ನಿಯಮ ಮಾಡುವುದು ಹೀಗೆ: ಕಟ್ಟಲಾಗದವರು ಸಭೆಯ ಹಿಂದಿನ ದಿನ ಖಜಾಂಚಿಗೆ ಹೇಳಬೇಕು, ಸಭೆಯಲ್ಲಿ ಎದ್ದು ಹೇಳಬೇಕಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬಡ್ಡಿ ಮತ್ತು ಉಳಿತಾಯ ಮಾತ್ರ ಸಾಕು. ಬಿಟ್ಟ ಅಸಲನ್ನು ಕೊಯ್ಲಿನ ಕೂಲಿ ಬರುವ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹಂಚಿ ಕಟ್ಟಬೇಕು. ಇದು ಆಂತರಿಕ ಸಾಲಕ್ಕೆ ಮಾತ್ರ. ಬ್ಯಾಂಕ್ ಕಂತಿನ ದಿನಾಂಕವನ್ನು ಸಂಘ ಬದಲಿಸುವಂತಿಲ್ಲ, ಅದಕ್ಕಾಗಿ ಮೇ ತಿಂಗಳೊಳಗೆ ಎರಡು ಕಂತಿನಷ್ಟು ಹಣ ತೆಗೆದಿಟ್ಟುಕೊಳ್ಳಬೇಕು. ಅಧ್ಯಕ್ಷೆಗೂ ಇದೇ ನಿಯಮ. ಮಳೆಗಾಲಕ್ಕೆ ಮೊದಲೇ ಎಲ್ಲರ ಸಹಿ ಬೀಳಬೇಕು, ತಪ್ಪಿದ ಮೇಲೆ ಮಾಡಿದ ನಿಯಮ ಆ ಒಬ್ಬಳ ಮೇಲೆ ಮಾಡಿದಂತೆ ಕಾಣುತ್ತದೆ.

ಗುಡ್ಡ ಜಾರಿದ ಊರಿನವರ ನಾಲ್ಕನೆಯ ಸಾಲು ಬೇರೆಯೇ ಇರುತ್ತದೆ. ‘ಸುದ್ದಿ ಬರಲಿಲ್ಲ’ ಎನ್ನುವುದು ನೋವಾದರೆ, ಒಬ್ಬರಿಗೆ ಐದು ಮನೆಯಂತೆ ಫೋನ್ ಪಟ್ಟಿ, ನೆಟ್‌ವರ್ಕ್ ಹೋದರೆ ನಡೆದು ಹೋಗಿ ತಿಳಿಸುವವರ ಹೆಸರು, ವಯಸ್ಸಾದವರಿರುವ ಮನೆ ಮೊದಲು ಎಂಬ ಕ್ರಮ ನಿಯಮವಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಮಳೆ. ಆದರೆ ರೆಡ್ ಅಲರ್ಟ್‌ಗೇ ಕಾಯಬೇಕೆಂದಿಲ್ಲ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ದಿಢೀರನೆ ಕೆಂಪಾದ ಒರತೆ ನೀರು ಕಂಡವರು ಯಾರೇ ಆಗಲಿ, ಅಧ್ಯಕ್ಷರನ್ನು ಕೇಳದೆ ಜನರನ್ನು ಎಬ್ಬಿಸಬಹುದು ಎಂದು ಬರೆದಿಡಿ. ಅಧಿಕಾರ ಬಿಟ್ಟುಕೊಡುವ ಈ ಒಂದು ಸಾಲು ಬರೆಯಲು ಅನೇಕರಿಗೆ ಕೈ ಏಳುವುದಿಲ್ಲ.

ಹೇಳುವುದು: ಯಾವಾಗ, ಎಷ್ಟು

ಮೊದಲ ಸಭೆಯಲ್ಲಿ ಬೇಡ. ಹಣ ಕೇಳುವಾಗ ಬೇಡ. ಯಾರೋ ತಮ್ಮ ಕಷ್ಟ ತೋಡಿಕೊಂಡಾಗ ಉತ್ತರವಾಗಿಯಂತೂ ಬೇಡವೇ ಬೇಡ, ಅವರ ಮಾತು ಅಲ್ಲಿಗೇ ನಿಂತುಹೋಗುತ್ತದೆ. ನಿಯಮ ಮೊದಲು, ಕಥೆ ಆಮೇಲೆ. ‘ಹಿಂದಿನ ದಿನ ಹೇಳಿದರೆ ಸಾಕು ಎಂಬ ನಿಯಮ ತರೋಣ. ಒಂದು ವರ್ಷ ನನಗೂ ಕಂತು ಕಟ್ಟಲಾಗಲಿಲ್ಲ, ಎಲ್ಲರೆದುರು ಹೇಳಬೇಕಾಗಿ ಬಂದು ಎರಡು ಸಭೆಗೆ ಬರಲೇ ಇಲ್ಲ.’ ಇಷ್ಟು ಸಾಕು. ಕಣ್ಣೀರು ಬಂದರೆ ಬರಲಿ, ಅದನ್ನು ತರಿಸಲು ಹೋಗಬೇಡಿ.

ನಿಮ್ಮ ಪಾಲಿನದಷ್ಟೇ ಹೇಳಿ. ಕೊಡಗಿನಂಥ ಚಿಕ್ಕ ಜಿಲ್ಲೆಯಲ್ಲಿ ಹೆಸರು ಹೇಳದಿದ್ದರೂ ಯಾವ ಒಕ್ಕ (ಮನೆತನ), ಯಾವ ಮನೆ ಎಂದು ಗೊತ್ತಾಗಿಬಿಡುತ್ತದೆ. ಅಣ್ಣನ ಸಾಲ, ಅತ್ತಿಗೆಯ ಕಾಯಿಲೆ ಅವರ ಒಪ್ಪಿಗೆ ಇಲ್ಲದೆ ಸಭೆಗೆ ಬರಬಾರದು.

ತೋಟದ ಮಾಲೀಕರಿಗೆ ಇನ್ನೊಂದು ಮಾತು. ಮಳೆಗೆ ಕಾಯಿ ಉದುರಿದ್ದು, ಕರಿಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಹೋದದ್ದು ನಿಜವಾದ ನಷ್ಟವೇ. ಆದರೆ ಅದನ್ನು ಲೈನ್ ಮನೆ ಕಳೆದುಕೊಂಡ ಕಾರ್ಮಿಕರ ಮುಂದೆ ‘ನಮಗೂ ಕಷ್ಟ’ ಎಂದು ಇಟ್ಟರೆ ಕೇಳಿಸುವುದು ಒಂದೇ: ಕೂಲಿ ಏರುವುದಿಲ್ಲ. ನಿಮಗೆ ನಿಲ್ಲಲು ನೆಲ ಇದೆ. ಅಲ್ಲಿ ಕಥೆ ಬಿಟ್ಟು ಲೆಕ್ಕ ಹೇಳಿ: ಈ ವರ್ಷ ಎಷ್ಟು ದಿನ ಕೆಲಸ ಕೊಡಬಲ್ಲೆ, ಮುಂಗಡ ಎಷ್ಟು, ಯಾವ ತಾರೀಕಿಗೆ.

ಕಷ್ಟವನ್ನು ರಿಯಾಯಿತಿಯ ಚೀಟಿ ಮಾಡಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. 1965ರ ಯುದ್ಧದಲ್ಲಿ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಸೆರೆಯಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಡೆಯಿಂದ ಬಂದ ವಿಶೇಷ ಸವಲತ್ತನ್ನು ಕಾರ್ಯಪ್ಪ ಒಪ್ಪಲಿಲ್ಲ, ಉಳಿದ ಸೆರೆಯಾಳುಗಳಂತೆಯೇ ಮಗನನ್ನೂ ನೋಡಿಕೊಳ್ಳಿ ಎಂದರು ಎಂಬುದು ಕೊಡಗಿನಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಪರಿಹಾರದ ಪಟ್ಟಿಯಲ್ಲಿ ತಮ್ಮ ಮನೆಯವರ ಹೆಸರು ಮೇಲೆ ಬರೆಯುವ ಮುಂಚೆ ನೆನಪಿಸಿಕೊಳ್ಳಬಹುದು.

ನಿಲ್ಲಬೇಕಾದ ಜಾಗ

ಪ್ರತಿ ಜೋರು ಮಳೆಗೆ ಎದೆ ಹೊಡೆದುಕೊಳ್ಳುವುದು, ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿರುವುದು, ಕುಡಿತ ಏರುವುದು ಕಂಡರೆ ಬರವಣಿಗೆ, ನಿಯಮ ಎಲ್ಲ ಪಕ್ಕಕ್ಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಷ್ಟು ದಿನ ಹೊಣೆಯನ್ನು ಇನ್ನೊಬ್ಬರಿಗೆ ಕೊಡಿ, ಬಾಯಿಮಾತಿನಲ್ಲಲ್ಲ. ಪಾಸ್‌ಬುಕ್, ನಡಾವಳಿ ಪುಸ್ತಕ, ಬೀಗದ ಕೈ, ಫೋನ್ ಪಟ್ಟಿ ಯಾರ ಕೈಗೆ, ಯಾವ ತಾರೀಕಿನವರೆಗೆ ಎಂದು ಬರೆಸಿ. ಖಾತೆಯ ಸಹಿ ಬದಲಿಸಲು ಬ್ಯಾಂಕ್ ಸಭೆಯ ನಿರ್ಣಯದ ಪ್ರತಿ ಕೇಳುವುದರಿಂದ ಎರಡನೆಯ ಸಹಿದಾರರನ್ನು ಮೇ ತಿಂಗಳಲ್ಲೇ ಗೊತ್ತುಮಾಡಿ. ಜುಲೈನಲ್ಲಿ ರಸ್ತೆ ಕಡಿದ ಮೇಲೆ ಆ ಕಾಗದ ಬ್ಯಾಂಕಿಗೆ ತಲುಪಿಸುವುದು ಕಷ್ಟ.