ಅಡಿಕೆ ಗೋದಾಮಿನಲ್ಲಿ ಸಂಸಾರ ಹೂಡಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರವಿದ್ದ ನಮ್ಮ ಕುಟುಂಬದ ಹಳೆಯ ಅಡಿಕೆ ಗೋದಾಮೇ ಈಗ ನನ್ನ ಮನೆ. ಗೋಡೆಯ ಕಲ್ಲು, ಮಾಡಿನ ಕಬ್ಬಿಣ, ವಯರಿಂಗಿನ ಕೊಳವೆ ಎಲ್ಲವೂ ಕಣ್ಣಿಗೆ ಕಾಣುವ ‘ಇಂಡಸ್ಟ್ರಿಯಲ್’ ಶೈಲಿ. ನೋಡಲು ಬಂದವರು ಮೊದಲು ಆಡುವ ಮಾತು, “ಸಾರಣೆ ಇಲ್ಲ, ಪೈಂಟ್ ಇಲ್ಲ, ಖರ್ಚು ಉಳಿಯಿತಲ್ಲ!” ಒಂದು ಕಾಸೂ ಉಳಿಯಲಿಲ್ಲ. ಮುಚ್ಚುವ ಕೆಲಸವಾದರೆ ಅಂಕುಡೊಂಕು ನಡೆದುಹೋಗುತ್ತದೆ, ತೆರೆದಿಡುವ ಕೆಲಸದಲ್ಲಿ ಅದಕ್ಕೆ ಮಾಫಿಯಿಲ್ಲ.

ಈ ಶೈಲಿಗೆ ಹೆಸರು ತಂದುಕೊಟ್ಟದ್ದು ನ್ಯೂಯಾರ್ಕಿನ ಸೋಹೋ ಬಡಾವಣೆ. 1960ರ ದಶಕದಲ್ಲಿ ಅಲ್ಲಿ ಖಾಲಿಬಿದ್ದ ಕಾರ್ಖಾನೆಗಳಲ್ಲಿ ಕಲಾವಿದರು ಅಗ್ಗದ ಬಾಡಿಗೆಗೆ ನೆಲೆಸಿದರು. 1971ರಲ್ಲಿ ನಗರಾಡಳಿತ ಅವರಿಗೆ ಅಲ್ಲಿ ವಾಸಿಸಲು ಕಾನೂನಿನ ಒಪ್ಪಿಗೆ ಕೊಟ್ಟಿತು. ಅವರ ಚಿಂತೆ ಚಳಿಯದ್ದು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಅವರ ಚಿತ್ರಗಳನ್ನು ನೋಡಿ ಮನೆ ಮಾಡಿದರೆ ಎರಡನೆಯ ಮಳೆಗಾಲಕ್ಕೆ ಕೈಸುಟ್ಟುಕೊಳ್ಳಬೇಕಾಗುತ್ತದೆ.

ಗೋಡೆ ಊರಿನದೇ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಹಿಂದೆ ಯಾವಾಗಲೋ ಒಳಗೆ ಸಿಮೆಂಟ್ ಸಾರಣೆ ಮಾಡಿಸಿದ್ದರು. ಅದನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತು. ಮುರಕಲ್ಲು ಕಡಿದು ತೆಗೆಯುವಾಗ ಮೆದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುತ್ತದೆ. ಆ ಗಟ್ಟಿ ಪದರ ಸಿಮೆಂಟಿನ ಜೊತೆ ಕಿತ್ತುಬಂದರೆ ಮುಂದೆ ದಿನಾ ಕೆಂಪು ಪುಡಿ ಗುಡಿಸಬೇಕು. ಹಾಗಾಗಿ ಯಂತ್ರ ತರಿಸದೆ, ಸಣ್ಣ ಉಳಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸಿದೆವು. ಸಂದುಗಳಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ತುಂಬಿಸಿದೆ. ಅಲ್ಲಿ ಸಿಮೆಂಟ್ ತುಂಬಿದರೆ ಗೋಡೆ ಹೀರಿದ ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ. ಬಿಳಿ ಉಪ್ಪು ಕಟ್ಟಿ ಕಲ್ಲು ಉದುರತೊಡಗುತ್ತದೆ.

ನೆಲದ ಹಳೆಯ ಕಾಂಕ್ರೀಟನ್ನು ಹಾಗೆಯೇ ಪಾಲಿಶ್ ಮಾಡಿಸುವ ಆಸೆಯಿತ್ತು. ಅದಕ್ಕೆ ಮುಂಚೆ, ನೆಲದಡಿಯಿಂದ ತೇವ ಏರುತ್ತಿದೆಯೇ ಎಂದು ತಿಳಿಯಲು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ಎತ್ತಿ ನೋಡಬೇಕು. ಇದಕ್ಕೆ ಖರ್ಚೇ ಇಲ್ಲ. ಬಾಗಿಲ ಬಳಿಯ ಹಾಳೆ ಒಣಗಿಯೇ ಇತ್ತು. ಹಿಂಗೋಡೆಯ ಪಕ್ಕದ ಹಾಳೆಯ ಅಡಿಯಲ್ಲಿ ಸಾಸಿವೆ ಗಾತ್ರದ ಹನಿಗಳು ಸಾಲುಗಟ್ಟಿದ್ದವು, ಕಾಂಕ್ರೀಟು ಕಪ್ಪಾಗಿತ್ತು. ಅಷ್ಟು ಭಾಗವನ್ನು ಒಡೆದು, ದಪ್ಪ ಪಾಲಿಥೀನ್ ಹಾಸಿ, ಹೊಸ ಕಾಂಕ್ರೀಟ್ ಹಾಕಿಸಿದೆ. ಬಣ್ಣ ತುಸು ಬೇರೆಯೇ ಬಂತು. ಇರಲಿ, ಗೋದಾಮಲ್ಲವೇ!

ಮಾಡಿಗೆ ಹಳೆಯ ಆಸ್ಬೆಸ್ಟಾಸ್ ಶೀಟುಗಳಿದ್ದವು. ಅವನ್ನು ಕೊಯ್ಯಬಾರದು, ಒಡೆಯಬಾರದು. ಆ ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಿದೆವು. ಬದಲಿಗೆ ನಡುವೆ ಫೋಮ್ ಇರುವ ಜೋಡಿ ತಗಡು ಹಾಕಿಸಿದೆ. ಫಾಲ್ಸ್ ಸೀಲಿಂಗ್ ಇಲ್ಲದ ಮನೆಯಲ್ಲಿ ಬಿಸಿಲನ್ನೂ ಮಳೆಯ ಸದ್ದನ್ನೂ ತಗಡೇ ತಡೆಯಬೇಕು. ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿಯನ್ನು ತೆಗೆಸಲಿಲ್ಲ, ಅದಕ್ಕೀಗ ಉಯ್ಯಾಲೆ ಕಟ್ಟಿದ್ದೇವೆ.

ಎಲೆಕ್ಟ್ರಿಷಿಯನ್ನಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ. “ಅಕ್ಕಾ, ಗೋಡೆಯೊಳಗೆ ಹೂತುಬಿಟ್ಟರೆ ಯಾರು ನೋಡುತ್ತಾರೆ?” ಎಂದು ಗೊಣಗುತ್ತಲೇ ರಸಮಟ್ಟ ಹಿಡಿದು ಒಂದೊಂದು ಕೊಳವೆಯನ್ನೂ ನೇರವಾಗಿ ಕೂರಿಸಿದ. ಕಬ್ಬಿಣದ ಕೊಳವೆ ಬೇಕೆಂದು ನಾನು ಹಟ ಹಿಡಿಯಲಿಲ್ಲ; ಸಮುದ್ರ ಇಷ್ಟು ಹತ್ತಿರವಿರುವಾಗ ಕಪ್ಪು ಬಣ್ಣದ ಪಿವಿಸಿಯೇ ಜಾಣತನ.

ಇವೆಲ್ಲಕ್ಕೂ ಮುಂಚೆ ಮುಗಿಸಬೇಕಾದದ್ದು ಕಾಗದಪತ್ರ. ಕೇರಳದ ಪಂಚಾಯತ್ ಕಟ್ಟಡ ನಿಯಮ 2019ರಲ್ಲಿ ಗೋದಾಮಿನ ವರ್ಗ ಬೇರೆ, ಮನೆಯ ವರ್ಗ ಬೇರೆ. ಬಳಕೆಯ ಬದಲಾವಣೆಗೆ ಅನುಮತಿ ಸಿಕ್ಕ ಮೇಲೆಯೇ ಉಳಿ ಎತ್ತಿಕೊಳ್ಳಿ.

ಮಾಡಿನ ಕಬ್ಬಿಣವನ್ನು ತಂತಿಬ್ರಷ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಬಳಿದು, ಮೇಲೆ ಬಣ್ಣ ಹಚ್ಚಿಸಿದ್ದೇನೆ. ಆದರೂ ತುಕ್ಕು ಮೊದಲು ಹಿಡಿಯುವುದು ಬೋಲ್ಟುಗಳ ತಲೆಗೆ. ಪ್ರತಿ ಮೇ ತಿಂಗಳಲ್ಲಿ ಏಣಿ ಹತ್ತಿ ಅವಕ್ಕೆ ಬಣ್ಣ ಮುಟ್ಟಿಸುತ್ತೇನೆ, ಹತ್ತಿದ್ದಕ್ಕೆ ಅಡ್ಡಕಂಬಿಗಳ ಧೂಳನ್ನೂ ಒರೆಸಿ ಇಳಿಯುತ್ತೇನೆ.